ನಿರಪರಾಧಿಗೆ ಕಾನೂನೇಕೆ?

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯೊಂದು ನಮ್ಮಲ್ಲಿದೆ. ಪೊಲೀಸ್ ಠಾಣೆಗಳಲ್ಲಿ ಈ ಗಾದೆಗೆ ಸಿಕ್ಕಿರುವಷ್ಟು ಮನ್ನಣೆ ಬಹುಶಃ ಸಾಹಿತ್ಯದಲ್ಲೂ ಸಿಕ್ಕಿರಲಾರದು. ವಿಚಾರಣೆಗೆಂದು ಕರೆಸಲಾದ ಯುವಕನೊಬ್ಬ 'ನೋಟೀಸು ಕೊಡಿ' ಎಂದು ಕೇಳಿದರೆ ಸಾಕು, ಆತ ಹೆಗಲು ಮುಟ್ಟಿ ನೋಡಿಕೊಂಡವನಾಗುತ್ತಾನೆ. 'ವಕೀಲರನ್ನು ಕಾಣಬೇಕು' ಎಂದರಂತೂ ಅರ್ಧ ಅಪರಾಧ ಸಾಬೀತಾದಂತೆಯೇ! 'ತಪ್ಪು ಮಾಡದಿದ್ದರೆ ನಿನಗೆ ವಕೀಲನೇಕೆ?' ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಪೊಲೀಸರು ಹೀಗೆ ಕೇಳುವುದನ್ನು ನಾವು ಅರ್ಥ ಮಾಡಿಕೊಳ್ಳಬಲ್ಲೆವು. ಅವರ ಕೆಲಸ ಸುಲಭವಾಗುವುದು ಎದುರಿಗಿರುವವನು ಏನೂ ತಿಳಿಯದವನಾಗಿದ್ದಾಗ. ಆದರೆ ಇದೇ ಪ್ರಶ್ನೆಯನ್ನು ನಮ್ಮ ಮನೆಯ ಹಿರಿಯರು, ಮೊಹಲ್ಲಾದ ಮುಖಂಡರು, ಮಸೀದಿ ಕಮಿಟಿಯ ಪದಾಧಿಕಾರಿಗಳು ಕೇಳುತ್ತಾರಲ್ಲ, ಅದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? 'ನೀನೇನೂ ಮಾಡಿಲ್ಲವಲ್ಲ ಮಗಾ, ಹೋಗಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಬಾ' ಎಂದು ಹದಿಹರೆಯದ ಹುಡುಗನನ್ನು ಒಂಟಿಯಾಗಿ ಠಾಣೆಗೆ ಕಳುಹಿಸಿಕೊಡುವ ಮುಗ್ಧತೆಗೆ ಏನೆನ್ನೋಣ? ಈ ಸಮುದಾಯವು ಆಡಿದ ಮಾತುಗಳಲ್ಲಿ ಇದರಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲವೆಂದು ನಾವು ಭಾವಿಸುತ್ತೇವೆ.

ಎಷ್ಟು ದುಬಾರಿ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1994ರ ಜನವರಿಯಲ್ಲಿ ನಮ್ಮದೇ ರಾಜ್ಯದ ಗುಲ್ಬರ್ಗದಿಂದ, ಅಂದರೆ ಇಂದಿನ ಕಲಬುರಗಿಯಿಂದ, ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಪೊಲೀಸರು ಹಿಡಿದುಕೊಂಡು ಹೋದರು. 1993ರ ಡಿಸೆಂಬರ್‌ನಲ್ಲಿ ನಡೆದ ರೈಲು ಸ್ಫೋಟಗಳ ಪ್ರಕರಣವದು. ಆತನ ವಿರುದ್ಧದ ಪ್ರಧಾನ ಸಾಕ್ಷ್ಯವೆಂದರೆ ಕಸ್ಟಡಿಯಲ್ಲಿ ಟಾಡಾ ಕಾಯ್ದೆಯ ಹೆಸರಿನಲ್ಲಿ ಪೊಲೀಸರೇ ಬರೆದುಕೊಂಡ ತಪ್ಪೊಪ್ಪಿಗೆ. ಸುಪ್ರೀಮ್ ಕೋರ್ಟು ಆತನ ಶಿಕ್ಷೆಯನ್ನು ರದ್ದುಪಡಿಸಿದ್ದು 2016ರ ಮೇ ತಿಂಗಳಲ್ಲಿ. ಇಪ್ಪತ್ತರ ಹರೆಯದಲ್ಲಿ ಒಳಹೋದವನು ನಲವತ್ತು ದಾಟಿ ಹೊರಬಂದ. ಗುಜರಾತಿನ ಅಕ್ಷರಧಾಮದ ಮೇಲೆ 2002ರಲ್ಲಿ ನಡೆದ ದಾಳಿಯ ಪ್ರಕರಣವೂ ಇಂಥದ್ದೇ. ಆರು ಮಂದಿಗೆ ಶಿಕ್ಷೆಯಾಗಿತ್ತು. ಅವರಲ್ಲಿ ಮೂವರಿಗೆ ಮರಣದಂಡನೆ. ಪೋಟಾ ಕಾಯ್ದೆಯಡಿ ಪಡೆದ ತಪ್ಪೊಪ್ಪಿಗೆಗಳೇ ಆ ತೀರ್ಪಿನ ಬುನಾದಿಯಾಗಿದ್ದುವು. 2014ರ ಮೇ 16ರಂದು ಸುಪ್ರೀಮ್ ಕೋರ್ಟು ಆ ಬುನಾದಿಯನ್ನೇ ಕಿತ್ತೊಗೆದು ಆರೂ ಮಂದಿಯನ್ನು ದೋಷಮುಕ್ತಗೊಳಿಸಿತು. ಇವರೆಲ್ಲ ನಿರಪರಾಧಿಗಳಾಗಿದ್ದರು. ನಿರಪರಾಧಿತ್ವವು ಅವರನ್ನು ಕಾಪಾಡಿತೇ? ಕಾಪಾಡಿತು, ಆದರೆ ಹನ್ನೊಂದು ವರ್ಷಗಳ ಬಳಿಕ, ಇಪ್ಪತ್ತೆರಡು ವರ್ಷಗಳ ಬಳಿಕ! ಟಾಡಾ 1995ರಲ್ಲಿ ಅವಧಿ ಮುಗಿದು ಹೋಯಿತು, ಪೋಟಾ 2004ರಲ್ಲಿ ರದ್ದಾಯಿತು. ಆದರೆ ಠಾಣೆಯಲ್ಲಿ ಬರೆಯಲಾಗುವ ಒಂದು ಹಾಳೆ ಮನುಷ್ಯನ ಆಯುಷ್ಯವನ್ನು ನುಂಗಬಲ್ಲದು ಎಂಬ ಪಾಠ ರದ್ದಾಗಿಲ್ಲ.

ಇದನ್ನು ಕೇವಲ ಒಂದು ಸಮುದಾಯದ ಗೋಳೆಂದು ಭಾವಿಸುವವರಿಗೆ ಇನ್ನೆರಡು ಸಂಗತಿಗಳನ್ನು ನೆನಪಿಸೋಣ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಒಬ್ಬ ವ್ಯಾಪಾರಿ ಮತ್ತು ಆತನ ಮಗನನ್ನು ಲಾಕ್‌ಡೌನ್ ನಿಯಮದ ಕಾರಣ ಹೇಳಿ ಠಾಣೆಗೆ ಒಯ್ಯಲಾಯಿತು. ಅವರಿಬ್ಬರೂ ಜೀವಂತವಾಗಿ ಮನೆಗೆ ಮರಳಲಿಲ್ಲ. ಅವರು ಮುಸ್ಲಿಮರಾಗಿರಲಿಲ್ಲ. ಇನ್ನೊಂದು, ಇತ್ತೀಚಿನ ವರ್ಷಗಳಲ್ಲಿ ದೇಶವನ್ನೇ ಕಾಡಿದ 'ಡಿಜಿಟಲ್ ಅರೆಸ್ಟ್' ಎಂಬ ವಂಚನೆ. ಸಮವಸ್ತ್ರ ತೊಟ್ಟ ಖದೀಮನೊಬ್ಬ ವೀಡಿಯೋ ಕರೆಯಲ್ಲಿ ಕಾಣಿಸಿಕೊಂಡು 'ನಿನ್ನನ್ನು ಬಂಧಿಸಿದ್ದೇವೆ, ಕೋಣೆ ಬಿಟ್ಟು ಕದಲಬೇಡ' ಎನ್ನುತ್ತಾನೆ. ನಿವೃತ್ತ ಅಧಿಕಾರಿಗಳು, ವೈದ್ಯರು, ಇಂಜಿನಿಯರುಗಳು ದಿನಗಟ್ಟಲೆ ಕದಲದೆ ಕೂತು ಜೀವಮಾನದ ಉಳಿತಾಯವನ್ನು ಆತನ ಖಾತೆಗೆ ವರ್ಗಾಯಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ತಮ್ಮ ಬಾನುಲಿ ಭಾಷಣದಲ್ಲಿ, ಡಿಜಿಟಲ್ ಬಂಧನವೆಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಎಚ್ಚರಿಸಬೇಕಾಯಿತು. ಯೋಚಿಸಿ. ಬಂಧನವೆಂದರೆ ಏನು, ಅದನ್ನು ಯಾರು ಹೇಗೆ ಮಾಡಬೇಕು ಎಂಬ ಪ್ರಾಥಮಿಕ ತಿಳಿವಳಿಕೆ ಓದು ಬಲ್ಲವರಿಗೇ ಇಲ್ಲದಿರುವಾಗ ಗ್ಯಾರೇಜಿನಲ್ಲಿ ದುಡಿಯುವ ಹುಡುಗನಿಂದ, ಬೀಡಿ ಕಟ್ಟುವ ತಾಯಿಯಿಂದ ಅದನ್ನು ನಿರೀಕ್ಷಿಸಲು ಸಾಧ್ಯವೇ? ನಮ್ಮ ಶಾಲೆಗಳು ಪಾಣಿಪತ್ ಯುದ್ಧದ ಇಸವಿಯನ್ನು ಕಲಿಸುತ್ತವೆ. ಸಂವಿಧಾನದ 22ನೇ ವಿಧಿಯನ್ನು ಕಲಿಸುವುದಿಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ನಾವಿಲ್ಲಿ ಹೇಳಲಿರುವ ಹಕ್ಕುಗಳು ಬಹುಪಾಲು ಹಾಗೆಯೇ ಉಳಿದಿವೆ. ಮೊದಲನೆಯದಾಗಿ, 'ಸ್ವಲ್ಪ ಸ್ಟೇಷನ್‌ಗೆ ಬಂದು ಹೋಗು' ಎಂಬ ದೂರವಾಣಿ ಕರೆಯು ಕಾನೂನಿನ ಭಾಷೆಯಲ್ಲ. ಪ್ರಕರಣವೊಂದರ ಸಂಗತಿಗಳು ನಿಮಗೆ ತಿಳಿದಿರಬಹುದೆಂದು ಸಾಕ್ಷಿಯಾಗಿ ಕರೆಯುವುದಾದರೆ 179ನೇ ಸೆಕ್ಷನ್‌ನ ಪ್ರಕಾರ ಲಿಖಿತ ಆದೇಶ ಬೇಕು. ಆರೋಪಿಯೆಂಬ ಶಂಕೆಯಿಂದ ಕರೆಯುವುದಾದರೆ, ಬಂಧನದ ಅಗತ್ಯವಿಲ್ಲದಾಗ, 35ನೇ ಸೆಕ್ಷನ್‌ನ ನೋಟೀಸು ಬೇಕು. ಆ ನೋಟೀಸಿನಲ್ಲಿ ಅಪರಾಧ ಸಂಖ್ಯೆ ಮತ್ತು ಯಾವ ಅಪರಾಧವೆಂಬುದು ಇರಬೇಕು, ಎಫ್‌ಐಆರ್‌ನ ಪ್ರತಿ ಜೊತೆಗಿರಬೇಕು ಎಂದು ನಮ್ಮ ಕರ್ನಾಟಕ ಹೈಕೋರ್ಟು 2024ರ ಜುಲೈನಲ್ಲಿ ಹೇಳಿದೆ. ಇಂಥ ನೋಟೀಸನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಮ್ ಕೋರ್ಟು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹಾಗಂತ ಕ್ರಮಬದ್ಧ ನೋಟೀಸು ಬಂದಾಗ ಮನೆಬಿಟ್ಟು ಓಡುವುದು ಶುದ್ಧ ಮೂರ್ಖತನ. ನೋಟೀಸಿಗೆ ಓಗೊಟ್ಟು ಹಾಜರಾಗುತ್ತಿರುವವನನ್ನು ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ಓಡಿ ಹೋದವನನ್ನಾದರೋ ಬಂಧಿಸಬಹುದು. ನೋಟೀಸು ಎಂಬುದು ಹೆದರಿಸುವ ಕಾಗದವಲ್ಲ, ರಕ್ಷಿಸುವ ಕಾಗದ. ಏಳು ವರ್ಷಗಳವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಪೊಲೀಸರು ಯಾಂತ್ರಿಕವಾಗಿ ಬಂಧಿಸಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1994ರ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ, ಬಂಧಿಸುವ ಅಧಿಕಾರ ಇರುವುದು ಬೇರೆ, ಅದನ್ನು ಬಳಸಲು ಸಮರ್ಥನೆ ಇರುವುದು ಬೇರೆ ಎಂದು ಅದೇ ಕೋರ್ಟು ತಿಳಿಹೇಳಿತ್ತು. ಗಮನಿಸಿ, 'ವಿಚಾರಣೆ'ಯ ಹೆಸರಲ್ಲಿ ಕರೆಸಿ ಐದು ದಿನ ಕೂರಿಸಿಕೊಳ್ಳಲಾಗಿದ್ದ ಆ ಜೋಗಿಂದರ್ ಕುಮಾರ್ ಸ್ವತಃ ವಕೀಲರಾಗಿದ್ದರು! ವಕೀಲನ ಪಾಡೇ ಹೀಗಾದರೆ ಕೂಲಿಯವನ ಪಾಡೇನು?

ಎರಡನೆಯದಾಗಿ, ಮಹಿಳೆಯರು ಮತ್ತು ವೃದ್ಧರು. ಸಾಕ್ಷಿ ಹೇಳಿಕೆಗೆಂದು ಯಾವ ಮಹಿಳೆಯನ್ನೂ, 15 ವರ್ಷದೊಳಗಿನ ಬಾಲಕನನ್ನೂ, 60 ವರ್ಷ ಮೀರಿದ ಪುರುಷನನ್ನೂ, ಅಂಗವಿಕಲರನ್ನೂ, ತೀವ್ರ ಕಾಯಿಲೆಯಲ್ಲಿರುವವರನ್ನೂ ಠಾಣೆಗೆ ಬರುವಂತೆ ಬಲವಂತಪಡಿಸುವಂತಿಲ್ಲ. ಅವರು ವಾಸಿಸುವಲ್ಲಿಗೆ ಪೊಲೀಸರೇ ಹೋಗಬೇಕು. ಈ ನಿಷೇಧವನ್ನು ತಿಳಿದೂ ಉಲ್ಲಂಘಿಸುವ ಅಧಿಕಾರಿಗೆ ಕನಿಷ್ಠ ಆರು ತಿಂಗಳಿನಿಂದ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಲು ಭಾರತೀಯ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಮಗ ಸಿಗಲಿಲ್ಲವೆಂದು ತಾಯಿಯನ್ನೋ ಸೋದರಿಯನ್ನೋ ಠಾಣೆಯ ಬೆಂಚಿನಲ್ಲಿ ಕೂರಿಸಿಕೊಳ್ಳುವ ಪದ್ಧತಿಗೆ ಯಾವ ಕಾನೂನಿನ ಆಧಾರವೂ ಇಲ್ಲ. ಬಂಧನದ ವಿಷಯದಲ್ಲಾದರೂ ಅಷ್ಟೆ. ಅಸಾಧಾರಣ ಸಂದರ್ಭದ ಹೊರತು ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮುನ್ನ ಮಹಿಳೆಯನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭವಿದ್ದರೂ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಇರಬೇಕು.

ಮೂರನೆಯದಾಗಿ, ಪ್ರಶ್ನೆ ಮತ್ತು ಮೌನ. ಎಲ್ಲರೂ ತಪ್ಪು ತಿಳಿದುಕೊಂಡಿರುವುದು ಇಲ್ಲಿಯೇ. ಕೆಲವರು ಪೊಲೀಸರು ಕೇಳಿದ್ದಕ್ಕೆಲ್ಲ ಉತ್ತರಿಸಲೇಬೇಕು ಎಂದುಕೊಂಡಿದ್ದಾರೆ. ಇನ್ನು ಕೆಲವರು ಯಾವುದಕ್ಕೂ ಉತ್ತರಿಸಬೇಕಾಗಿಲ್ಲ ಎಂದುಕೊಂಡಿದ್ದಾರೆ. ಎರಡೂ ಸರಿಯಲ್ಲ. ಪ್ರಕರಣದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಸತ್ಯವಾದ ಉತ್ತರ ಕೊಡಲು ನಾವು ಬದ್ಧರು. ಆದರೆ ನಮ್ಮನ್ನೇ ಅಪರಾಧದ ಆರೋಪಕ್ಕೆ ಗುರಿಯಾಗಿಸಬಹುದಾದ ಪ್ರಶ್ನೆಗೆ ಉತ್ತರಿಸದಿರುವ ಸ್ವಾತಂತ್ರ್ಯ ಅದೇ ಕಾನೂನಿನಲ್ಲಿದೆ. ಸಂವಿಧಾನದ 20(3)ನೇ ವಿಧಿಯು ಆರೋಪಿಯನ್ನು ಆತನ ವಿರುದ್ಧ ಆತನೇ ಸಾಕ್ಷಿಯಾಗುವಂತೆ ಬಲವಂತಪಡಿಸುವುದನ್ನು ನಿಷೇಧಿಸಿದೆ. ಈ ಹಕ್ಕಿಗಾಗಿ ಹೋರಾಡಿದವರು ಯಾರೋ ಪಾತಕಿಗಳಲ್ಲ, ಒಡಿಶಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪಥಿ. ಭ್ರಷ್ಟಾಚಾರದ ಪ್ರಕರಣವೊಂದರಲ್ಲಿ ಅವರನ್ನು ಠಾಣೆಗೆ ಕರೆಸಿ ಪ್ರಶ್ನೆಗಳ ದೊಡ್ಡ ಪಟ್ಟಿಯನ್ನೇ ಮುಂದಿಟ್ಟಾಗ ಅವರು ಉತ್ತರಿಸಲು ನಿರಾಕರಿಸಿದರು. ಆ ಪ್ರಕರಣ ಸುಪ್ರೀಮ್ ಕೋರ್ಟಿಗೆ ಹೋಯಿತು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠವು ಮೌನದ ಹಕ್ಕು ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರವಲ್ಲ, ಪೊಲೀಸ್ ವಿಚಾರಣೆಯ ಹಂತದಲ್ಲೂ ಇದೆ ಎಂದು ಎತ್ತಿಹಿಡಿಯಿತು. ಮಹಿಳೆಯೊಬ್ಬರನ್ನು ಠಾಣೆಗೆ ಕರೆಸಿದ್ದನ್ನೂ ಆಕ್ಷೇಪಿಸಿತು. ಮುಖ್ಯಮಂತ್ರಿಯಾಗಿದ್ದವರಿಗೆ ಬೇಕಾದ ಹಕ್ಕು ಮೆಕ್ಯಾನಿಕ್ಕಿಗೆ ಬೇಡವೇ?

ಆದರೆ ಮೌನ ಬೇರೆ, ಸುಳ್ಳು ಬೇರೆ. ಮೌನಕ್ಕೆ ಸಂವಿಧಾನದ ರಕ್ಷಣೆಯಿದೆ, ಸುಳ್ಳು ಮಾಹಿತಿಗೆ ಶಿಕ್ಷೆಯಿದೆ. ಹೆದರಿ ಹೇಳಿದ ಒಂದು ಸಣ್ಣ ಸುಳ್ಳನ್ನು ಹಿಡಿದುಕೊಂಡು ಇಡೀ ಕತೆ ಕಟ್ಟಲಾಗುತ್ತದೆ. ಆದ್ದರಿಂದ ತಿಳಿದಿದ್ದರೆ ತಿಳಿದಿದೆ ಎನ್ನಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ. ಊಹಿಸಿ ಹೇಳಬೇಡಿ. 'ಇದಕ್ಕೆ ವಕೀಲರೊಂದಿಗೆ ಮಾತಾಡಿ ಉತ್ತರಿಸುತ್ತೇನೆ' ಎಂದು ವಿನಯದಿಂದ ಹೇಳುವುದು ಉದ್ಧಟತನವಲ್ಲ. ಬಂಧಿತನಿಗೆ ವಿಚಾರಣೆಯ ವೇಳೆ ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗುವ ಹಕ್ಕನ್ನು 38ನೇ ಸೆಕ್ಷನ್ ಕೊಟ್ಟಿದೆ. ವಿಚಾರಣೆಯುದ್ದಕ್ಕೂ ವಕೀಲರು ಪಕ್ಕದಲ್ಲಿರುವಂತಿಲ್ಲ ನಿಜ, ಆದರೆ ಭೇಟಿಯನ್ನು ನಿರಾಕರಿಸುವಂತಿಲ್ಲ.

ಇನ್ನು ಸಹಿಯ ವಿಷಯ. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ, ಹೇಳಿಕೆ ಕೊಟ್ಟವನ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂದು 181ನೇ ಸೆಕ್ಷನ್ ಹೇಳುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುತ್ತದೆ. ಆ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಸಾಕ್ಷ್ಯವಾಗಬಲ್ಲದು. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೂ ಈ ನಿಯಮವಿತ್ತು. ಏಕೆಂದರೆ ತಮ್ಮ ಪೊಲೀಸರು ತಪ್ಪೊಪ್ಪಿಗೆಯನ್ನು ಹೇಗೆ ಪಡೆಯುತ್ತಾರೆಂಬುದು ಆ ಬ್ರಿಟಿಷರಿಗೂ ಗೊತ್ತಿತ್ತು! ಬಂಧನದ ಮೆಮೊ, ಮಹಜರು ಮುಂತಾದ ಕಾಗದಗಳಿಗೆ ಸಹಿ ಬೇಕಾಗುತ್ತದೆ. ಆಗ ಓದಿ ನೋಡಿ, ಓದಲು ಬಾರದಿದ್ದರೆ ಓದಿಸಿ ಕೇಳಿ, ಸಮಯ ಮತ್ತು ದಿನಾಂಕವನ್ನು ಬರೆದು ಸಹಿ ಹಾಕಿ. ಖಾಲಿ ಹಾಳೆಗೆ ಎಂದೆಂದಿಗೂ ಸಹಿ ಹಾಕಬೇಡಿ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳಿಗೂ ಒಪ್ಪಿಗೆಯಿಲ್ಲದೆ ಗುರಿಪಡಿಸುವಂತಿಲ್ಲ. 2010ರ ಮೇ 5ರಂದು ಈ ತೀರ್ಪು ಹೊರಬಿದ್ದದ್ದು ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಮೇಲಿನ ನಿಯಮಗಳಿಗೆ ಅಪವಾದಗಳಿವೆ. ಕಸ್ಟಮ್ಸ್ ಅಧಿಕಾರಿ, ಜಾರಿ ನಿರ್ದೇಶನಾಲಯದ ಅಧಿಕಾರಿ ಕಾನೂನಿನ ಕಣ್ಣಿನಲ್ಲಿ ಪೊಲೀಸರಲ್ಲ. ಅವರ ಮುಂದೆ ಸಹಿ ಹಾಕಿ ಕೊಟ್ಟ ಹೇಳಿಕೆ ಕೋರ್ಟಿನಲ್ಲಿ ನಮ್ಮ ವಿರುದ್ಧವೇ ಸಾಕ್ಷ್ಯವಾಗಬಲ್ಲದು. ಪರಿಚಯದವರ ಪೊಟ್ಟಣವನ್ನು ಕೊಲ್ಲಿಯಿಂದ ಹೊತ್ತು ತರುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕರ್ನಾಟಕದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ಎಸ್ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಗೂ ಬೆಲೆಯಿದೆ. ಯುಎಪಿಎ ಪ್ರಕರಣಗಳಲ್ಲಿ ಆರೋಪಪಟ್ಟಿ ಸಲ್ಲಿಸುವ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು, ಜಾಮೀನು ಅತಿ ದುರ್ಲಭ. ಇಂಥ ಪ್ರಕರಣಗಳಲ್ಲಿ ಮೊದಲ ತಾಸಿನಿಂದಲೇ ವಕೀಲರು ಬೇಕು.

ಮೊಬೈಲ್ ಫೋನಿನ ಪ್ರಶ್ನೆ ಹೊಸದು, ಜಟಿಲವಾದದ್ದು. 2021ರಲ್ಲಿ ಹೈದರಾಬಾದಿನ ರಸ್ತೆಗಳಲ್ಲಿ ದಾರಿಹೋಕರನ್ನು ನಿಲ್ಲಿಸಿ ಅವರ ಫೋನುಗಳ ಸಂದೇಶಗಳಲ್ಲಿ ಗಾಂಜಾ ಎಂಬ ಪದವನ್ನು ಹುಡುಕುತ್ತಿದ್ದ ಪೊಲೀಸರ ದೃಶ್ಯಗಳನ್ನು ದೇಶವೇ ನೋಡಿತು. ಅದೇ ವರ್ಷ ಕರ್ನಾಟಕ ಹೈಕೋರ್ಟು ವೀರೇಂದ್ರ ಖನ್ನಾ ಪ್ರಕರಣದಲ್ಲಿ, ತುರ್ತು ಸಂದರ್ಭದ ಹೊರತು ಫೋನಿನ ಶೋಧಕ್ಕೆ ಕೋರ್ಟಿನ ವಾರಂಟ್ ಬೇಕೆಂದು ಹೇಳಿತು. ಆದರೆ ಪಾಸ್‌ವರ್ಡ್ ಕೊಡುವುದು ಸ್ವಯಂ ಸಾಕ್ಷ್ಯವಾಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿತು. ಮರುವರ್ಷ ದಿಲ್ಲಿಯ ಸಿಬಿಐ ವಿಶೇಷ ನ್ಯಾಯಾಲಯವೊಂದು ಇದಕ್ಕೆ ವ್ಯತಿರಿಕ್ತವಾದ ನಿಲುವು ತಾಳಿತು. ಆದ್ದರಿಂದ ಫೋನನ್ನು ಎಳೆದಾಡುವುದಾಗಲಿ, ಅದರಲ್ಲಿದ್ದುದನ್ನು ಅವಸರದಿಂದ ಅಳಿಸುವುದಾಗಲಿ ಬೇಡ. ಅಳಿಸುವುದು ಸಾಕ್ಷ್ಯನಾಶದ ಆರೋಪಕ್ಕೆ ದಾರಿ. ಯಾವ ಆದೇಶದಂತೆ ಪಡೆಯುತ್ತಿದ್ದೀರಿ ಎಂದು ಕೇಳಿ. ವಶಪಡಿಸಿಕೊಂಡರೆ ಅದನ್ನು ಪಂಚರ ಸಮಕ್ಷಮ ಮಹಜರಿನಲ್ಲಿ ನಮೂದಿಸುವಂತೆ ಒತ್ತಾಯಿಸಿ. ಶೋಧ ಮತ್ತು ವಶಪಡಿಸಿಕೊಳ್ಳುವ ಪ್ರಕ್ರಿಯೆಯ ಧ್ವನಿ-ದೃಶ್ಯ ದಾಖಲೀಕರಣವನ್ನು ಹೊಸ ಸಂಹಿತೆಯ 105ನೇ ಸೆಕ್ಷನ್ ಕಡ್ಡಾಯಗೊಳಿಸಿದೆ. ಹೊಸ ಕಾನೂನಿನ ಬಗ್ಗೆ ನಮಗೆ ಹಲವು ತಕರಾರುಗಳಿದ್ದರೂ ಈ ಅಂಶವನ್ನು ನಾವು ಸ್ವಾಗತಿಸುತ್ತೇವೆ.

ಕೊನೆಗೆ ಬಂಧನ. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಮ್ ಕೋರ್ಟು ಹನ್ನೊಂದು ಸೂಚನೆಗಳನ್ನು ಕೊಟ್ಟಿತು. ಇಂದು ಅವುಗಳಲ್ಲಿ ಹೆಚ್ಚಿನವು ಕಾನೂನಿನ ಪುಸ್ತಕದಲ್ಲೇ ಇವೆ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಮೆಮೊ ತಯಾರಾಗಬೇಕು, ಅದಕ್ಕೆ ಕುಟುಂಬದ ಸದಸ್ಯ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಬೇಕು. ಬಂಧಿತನು ಹೇಳಿದ ವ್ಯಕ್ತಿಗೆ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ಪರೀಕ್ಷೆಯಾಗಬೇಕು. ಪ್ರಯಾಣದ ಸಮಯ ಕಳೆದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಕಾರಣಗಳ ಕುರಿತು ಸುಪ್ರೀಮ್ ಕೋರ್ಟು ಹಂತಹಂತವಾಗಿ ಮುಂದೆ ಸಾಗಿದೆ. 2023ರಲ್ಲಿ ಹಣ ಅಕ್ರಮ ವರ್ಗಾವಣೆಯ ಪ್ರಕರಣಗಳಲ್ಲಿ, 2024ರಲ್ಲಿ ಯುಎಪಿಎ ಪ್ರಕರಣಗಳಲ್ಲಿ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದಿತು. 2025ರ ನವೆಂಬರ್‌ನಲ್ಲಿ ಈ ನಿಯಮವನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು, ತಕ್ಷಣ ಸಾಧ್ಯವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕಿಂತ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದಿತು.

ಮ್ಯಾಜಿಸ್ಟ್ರೇಟರ ಮುಂದಿನ ಆ ಕೆಲವು ನಿಮಿಷಗಳ ಬೆಲೆ ಎಷ್ಟೆಂದು ನಮ್ಮವರಿಗೆ ತಿಳಿದಿಲ್ಲ. ತಲೆ ತಗ್ಗಿಸಿ ನಿಂತು, ಕೇಳಿದ್ದಕ್ಕೆ ತಲೆಯಾಡಿಸಿ ಬಂದುಬಿಡುತ್ತಾರೆ. ಹೊಡೆದಿದ್ದರೆ ಹೊಡೆದಿದ್ದಾರೆ ಎಂದು ಹೇಳಬೇಕಾದದ್ದು ಅಲ್ಲಿ. ಎರಡು ದಿನ ಹಿಂದೆಯೇ ಹಿಡಿದು ಇಂದು ಹಿಡಿದಂತೆ ಬರೆದಿದ್ದರೆ ಅದನ್ನು ಹೇಳಬೇಕಾದದ್ದು ಅಲ್ಲಿ. ವಕೀಲರಿಲ್ಲವೆಂದರೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೇಳಬೇಕಾದದ್ದೂ ಅಲ್ಲಿಯೇ. ಈ ಹಕ್ಕನ್ನು ಮೊದಲ ಹಾಜರಿಯಲ್ಲೇ ಆರೋಪಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಸುಪ್ರೀಮ್ ಕೋರ್ಟು 2012ರಲ್ಲಿ ಹೇಳಿತು. ಯಾವ ಪ್ರಕರಣದಲ್ಲಿ ಗೊತ್ತೇ? ಅಜ್ಮಲ್ ಕಸಬ್‌ನ ಪ್ರಕರಣದಲ್ಲಿ! ಆತನ ಮರಣದಂಡನೆಯನ್ನು ಖಾಯಂಗೊಳಿಸಿದ ತೀರ್ಪಿನಲ್ಲೇ ಕೋರ್ಟು ಈ ಮಾತನ್ನೂ ಬರೆಯಿತು. ಹಕ್ಕುಗಳು ಅಪರಾಧಿಯನ್ನು ತಪ್ಪಿಸಿಬಿಡುತ್ತವೆ ಎಂದು ಗೊಣಗುವವರು ಇದನ್ನು ಎರಡು ಬಾರಿ ಓದಬೇಕು.

ಹೌದು, ಅಂಥ ಗೊಣಗಾಟವಿದೆ. ಇಷ್ಟೆಲ್ಲ ನಿಯಮ ನೋಡುತ್ತ ಕೂತರೆ ಕಳ್ಳರನ್ನು ಹಿಡಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ನಾವು ತಿರುಗಿ ಕೇಳುತ್ತೇವೆ: ಅಕ್ಷರಧಾಮದ ಪ್ರಕರಣದಲ್ಲಿ ನಿಯಮ ಮುರಿದು ಯಾರನ್ನು ಹಿಡಿದಂತಾಯಿತು? ನಿರಪರಾಧಿಗಳು ಒಳಗಿದ್ದಷ್ಟು ವರ್ಷ, ಅವರು ಮಾಡದ ಕೃತ್ಯಕ್ಕೆ ಹೊಣೆಯಾದವರು ಹೊರಗೇ ಇದ್ದರಲ್ಲವೇ? ಪೆಟ್ಟು ಕೊಟ್ಟು ಪಡೆದ ಉತ್ತರ, ಪೆಟ್ಟು ಕೊಟ್ಟವನು ಕೇಳಬಯಸಿದ ಉತ್ತರವೇ ಹೊರತು ಸತ್ಯವಲ್ಲ. ಇದು ಪಶ್ಚಿಮದಿಂದ ಬಂದ ಮಾನವ ಹಕ್ಕುಗಳ ಪಾಠವೆಂದು ಮೂಗು ಮುರಿಯುವ ಧಾರ್ಮಿಕರೂ ನಮ್ಮಲ್ಲಿದ್ದಾರೆ. ಅವರು ಖಲೀಫ ಹಾರೂನ್ ರಶೀದರಿಗಾಗಿ ಕಾಝಿ ಅಬೂ ಯೂಸುಫ್ ಬರೆದ 'ಕಿತಾಬುಲ್ ಖರಾಜ್' ಅನ್ನು ತೆರೆದು ನೋಡಲಿ. ಶಂಕಿತರನ್ನು ಹೊಡೆದು ಪಡೆದ ತಪ್ಪೊಪ್ಪಿಗೆಯ ಆಧಾರದಲ್ಲಿ ಶಿಕ್ಷೆ ವಿಧಿಸಕೂಡದೆಂದು ಅವರು ಹನ್ನೆರಡು ಶತಮಾನಗಳ ಹಿಂದೆಯೇ ಸಾಮ್ರಾಟನಿಗೆ ಬುದ್ಧಿ ಹೇಳಿದ್ದರು. ಪುರಾವೆ ಸಿಗುವವರೆಗೆ ಮನುಷ್ಯನು ನಿರ್ದೋಷಿಯೆಂಬುದು ಫಿಕ್ಹ್‌ನ ಮೂಲ ತತ್ವಗಳಲ್ಲೊಂದು. ನಮ್ಮ ಮದ್ರಸಗಳಲ್ಲಿ ಇದನ್ನು ಓದಿಸಲಾಗುತ್ತದೆ. ಠಾಣೆಯ ಬಾಗಿಲಲ್ಲಿ ಮಾತ್ರ ಅದು ಮರೆತುಹೋಗುತ್ತದೆ.

ಎಲ್ಲ ಪೊಲೀಸರೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ನಿಯಮದಂತೆ ನಡೆಯುವ, ರಾತ್ರಿ ಹಗಲು ದುಡಿಯುವ ಪೇದೆಗಳೂ ಅಧಿಕಾರಿಗಳೂ ಇದ್ದಾರೆ. ಹಕ್ಕು ತಿಳಿದ ನಾಗರಿಕನಿಂದ ಅಂಥವರಿಗೆ ತೊಂದರೆಯೇನೂ ಇಲ್ಲ. ಆದರೆ ವ್ಯವಸ್ಥೆಯನ್ನು ಒಳ್ಳೆಯವರ ಒಳ್ಳೆಯತನಕ್ಕೆ ಬಿಟ್ಟುಬಿಡಲಾಗದು. ಚಿತ್ರಹಿಂಸೆ ವಿರೋಧಿ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 1997ರಲ್ಲಿ ಸಹಿ ಹಾಕಿ, ಅನುಮೋದಿಸದೆ ಕೈಬಿಟ್ಟಿತು. ಅಂದಿನಿಂದ ಎಲ್ಲ ಬಣ್ಣದ ಸರಕಾರಗಳೂ ಬಂದು ಹೋದುವು. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂದು ಸುಪ್ರೀಮ್ ಕೋರ್ಟು 2020ರಲ್ಲಿ ಆದೇಶಿಸಿತು. ಐದು ವರ್ಷಗಳ ಬಳಿಕ, 2025ರಲ್ಲಿ, ಅವು ಕೆಲಸ ಮಾಡದಿರುವುದರ ಬಗ್ಗೆ ಅದೇ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಪ್ರತಿ ನಾಲ್ವರಲ್ಲಿ ಮೂವರ ಅಪರಾಧ ಸಾಬೀತಾಗಿರಲಿಲ್ಲ.

ಇಷ್ಟು ಸರಕಾರದ ಬಗ್ಗೆ. ಇನ್ನು ಸಮುದಾಯದ ಬಗ್ಗೆ. ಹುಡುಗನೊಬ್ಬನನ್ನು ಠಾಣೆಗೆ ಒಯ್ದ ಸುದ್ದಿ ಬಂದಾಗ ನಮ್ಮಲ್ಲಿ ನಡೆಯುವುದು ಎರಡೇ. ಒಂದು, ಪುಢಾರಿಯ ಮನೆಗೆ ಓಡುವುದು. ಆತ 'ಸಾಹೇಬರು ನಮ್ಮವರೇ, ನಾನು ಮಾತಾಡುತ್ತೇನೆ' ಎನ್ನುತ್ತಾನೆ. ಎರಡೂ ಕಡೆಯಿಂದ ಲಾಭ ಮಾಡಿಕೊಳ್ಳುತ್ತಾನೆ. ಅಷ್ಟರಲ್ಲಿ ಅತಿ ಮುಖ್ಯವಾದ ಮೊದಲ 24 ಗಂಟೆಗಳು ಕಳೆದು ಹೋಗಿರುತ್ತವೆ. ಎರಡು, ಜನರನ್ನು ಸೇರಿಸಿ ಠಾಣೆಗೆ ಮುತ್ತಿಗೆ ಹಾಕುವುದು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿಯಲ್ಲಿ ಏನಾಯಿತೆಂಬುದನ್ನು ಮರೆಯಬಾರದು. ಅವಹೇಳನಕಾರಿ ಪೋಸ್ಟೊಂದರ ವಿರುದ್ಧ ದೂರು ಕೊಡಲು ಹೊರಟದ್ದು ಕಲ್ಲು, ಬೆಂಕಿ, ಗೋಲಿಬಾರಿನಲ್ಲಿ ಮುಗಿಯಿತು. ಜೀವಗಳು ಹೋದುವು. ನೂರಾರು ಮಂದಿ ಬಂಧಿತರಾದರು, ಯುಎಪಿಎ ಬಂತು, ಎನ್‌ಐಎ ಬಂತು. ದೂರನ್ನು ದಾಖಲಿಸಿಕೊಳ್ಳದಿದ್ದರೆ ಎಸ್ಪಿಗೆ ಲಿಖಿತವಾಗಿ ಕಳಿಸಬಹುದು, ಅದಕ್ಕೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು ಎಂದು ಆ ಜನಸಂದಣಿಗೆ ಹೇಳಿಕೊಡುವವರು ಯಾರೂ ಇರಲಿಲ್ಲವೇ? ಕಾನೂನನ್ನು ತಿಳಿಯದ ಆಕ್ರೋಶವು ಎದುರಾಳಿಯ ಕೈಗೆ ಕೊಟ್ಟ ಆಯುಧ.

ಮಾಡಬೇಕಾದದ್ದು ದೊಡ್ಡದೇನಲ್ಲ. ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರವಿದೆ, ತಾಲೂಕು ಮಟ್ಟದಲ್ಲಿ ಸಮಿತಿಯಿದೆ, 15100 ಎಂಬ ಸಹಾಯವಾಣಿಯಿದೆ. ಮದುವೆಯ ಮಂಟಪಕ್ಕೆ, ಬಿರಿಯಾನಿಯ ದೇಗಿಗಳಿಗೆ ಲಕ್ಷಗಳನ್ನು ಸುರಿಯುವ ಊರುಗಳಲ್ಲಿ ಒಬ್ಬ ಕಿರಿಯ ವಕೀಲರಿಗೆ ತಿಂಗಳ ಗೌರವಧನ ಕೊಡುವುದು ಜಮಾಅತ್‌ಗೆ ಅಸಾಧ್ಯವೇ? ನಮ್ಮ ಹುಡುಗ ಹುಡುಗಿಯರು ಇಂಜಿನಿಯರಿಂಗ್, ನರ್ಸಿಂಗ್‌ಗಳಾಚೆ ಕಾನೂನು ಕಾಲೇಜಿನ ಮೆಟ್ಟಿಲನ್ನೂ ಹತ್ತಬೇಡವೇ? ಹಾಗೆ ಬಂದ ವಕೀಲರು ನೆರೆಯ ದಲಿತ ಕೇರಿಗೂ ಮೀನುಗಾರರ ಓಣಿಗೂ ಅದೇ ನೆರವು ನೀಡುವಂತಾಗಬೇಕು. ಏಕೆಂದರೆ ಲಾಠಿಗೆ ಮೊದಲು ಸಿಗುವುದು ಯಾವ ಧರ್ಮದವನೂ ಅಲ್ಲ, ಕೇಳುವವರಿಲ್ಲದವನು.

ಮುಂದಿನ ಶುಕ್ರವಾರದಿಂದಲೇ ಆರಂಭಿಸಬಹುದು. ಮಸೀದಿಯ ಸೂಚನಾ ಫಲಕದಲ್ಲಿ ನಮಾಝ್‌ನ ಸಮಯದ ಪಕ್ಕದಲ್ಲಿ ಒಂದು ಹಾಳೆಗೆ ಜಾಗ ಕೊಡಿ. ಅದರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಸಂಖ್ಯೆ ಇರಲಿ, ಊರಿನ ಇಬ್ಬರು ವಕೀಲರ ಹೆಸರಿರಲಿ. ಅದರ ಕೆಳಗೆ ನಾಲ್ಕು ಮಾತುಗಳಿರಲಿ: ನೋಟೀಸು ಕೇಳಿ, ಸುಳ್ಳು ಹೇಳಬೇಡಿ, ಓದದೆ ಸಹಿ ಹಾಕಬೇಡಿ, ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಡಿ. ಖುತ್ಬಾದ ಬಳಿಕ ಐದು ನಿಮಿಷ ಅದನ್ನು ಓದಿ ಹೇಳಲಿ. ಮಹಿಳೆಯರ ಸಭೆಗಳಲ್ಲಿ ತಾಯಂದಿರಿಗೆ ಬಾಯಿಪಾಠವಾಗಲಿ. ಏಕೆಂದರೆ ನಡುರಾತ್ರಿ ಬಾಗಿಲು ಬಡಿದಾಗ ಎದ್ದು ಬರುವವಳು ಹೆಚ್ಚಾಗಿ ತಾಯಿ. ಆಕೆ ಅಳುತ್ತ ಕೂರದೆ 'ಯಾವ ಠಾಣೆ, ಯಾವ ಪ್ರಕರಣ, ನಿಮ್ಮ ಹೆಸರೇನು?' ಎಂದು ಕೇಳಬಲ್ಲಳಾದರೆ ಒಂದು ಮನೆ ಉಳಿಯುವ ಸಾಧ್ಯತೆಯಿದೆ.